ಡಿಸೆಂಬರ್ ಮೂರನ್ನು ಮಾರ್ಚ್ ಹನ್ನೆರಡು ಎಂದು ಓದಿದವರಿಗೆ

ಪುರಸಭೆಯ ಗಣಕ ವಿಭಾಗದ ಮುಖ್ಯಸ್ಥರ ಸನ್ನಿಧಿಗೆ,

ಮಾನ್ಯರೇ,

ನನ್ನ ತಮ್ಮ ಸ್ತ್ರಾತಿಸ್‌ನ ಗೋರಿಯನ್ನು ನೀವು ಅವಧಿಗೆ ಹೆಚ್ಚುಕಡಿಮೆ ಒಂಬತ್ತು ತಿಂಗಳು ಮೊದಲೇ ಅಗೆಸಿದಿರಿ. ಅವನನ್ನು ನಾವು ಮಣ್ಣು ಮಾಡಿದ್ದು ಡಿಸೆಂಬರ್ ಮೂರರಂದು. ನೀವು ಹೊಸದಾಗಿ ತರಿಸಿ, ರಿಬ್ಬನ್ ಕತ್ತರಿಸಿ, ಮೇಯರ್ ಪಕ್ಕ ನಿಂತು ಫೋಟೋ ತೆಗೆಸಿಕೊಂಡ ಆ ಯಂತ್ರ ಅದನ್ನು ಮಾರ್ಚ್ ಹನ್ನೆರಡು ಎಂದು ಓದಿತು. ಇಷ್ಟೇ ನನ್ನ ದೂರು. ಉಳಿದದ್ದೆಲ್ಲ ವಿವರಣೆ, ಮತ್ತು ನನ್ನ ಸಿಟ್ಟು. ನಿಮಗೆ ಸಮಯವಿಲ್ಲ ಎಂದು ನಿಮ್ಮ ಗುಮಾಸ್ತೆ ಹೇಳಿದ್ದಾಳೆ. ಸಮಯದ ವಿಷಯದಲ್ಲಿ ನಿಮ್ಮ ಕಚೇರಿಗೆ ಏನಿದೆ, ಏನಿಲ್ಲ ಎಂಬುದು ಈಗ ನನಗೆ ಚೆನ್ನಾಗಿ ಗೊತ್ತು. ಆದ್ದರಿಂದ ಈ ಪತ್ರವನ್ನು ನಿಮಗೆ ಕಳಿಸುವ ಬದಲು ಪತ್ರಿಕೆಗೆ ಕಳಿಸುತ್ತಿದ್ದೇನೆ.

ನಮ್ಮ ಪಲಿಯೋಸ್ಕಾಲದ ಸ್ಮಶಾನ ಚಿಕ್ಕದು. ಹಿಂದೆ ಬೆಟ್ಟ, ಮುಂದೆ ಸಮುದ್ರ, ಸಾಯುವವರು ಮಾತ್ರ ಕಡಿಮೆಯಾಗುವುದಿಲ್ಲ. ಹಾಗಾಗಿ ಗೋರಿ ಮೂರು ವರ್ಷ ಸತ್ತವನದು. ಆಮೇಲೆ ಮನೆಯವರ ಎದುರಿನಲ್ಲೇ ಅಗೆದು, ಮೂಳೆಗಳನ್ನು ವೈನಿನಲ್ಲಿ ತೊಳೆದು, ಬಿಳಿ ಬಟ್ಟೆಯಲ್ಲಿ ಕಟ್ಟಿ ಪೆಟ್ಟಿಗೆಯಲ್ಲಿಡುತ್ತೇವೆ. ಜಾಗ ಮುಂದಿನವನಿಗೆ. ನನ್ನ ಅಜ್ಜನಿಗೂ ಹೀಗೇ ಆಯಿತು, ಅಪ್ಪನಿಗೂ ಹೀಗೇ ಆಯಿತು, ನನಗೂ ಆಗುತ್ತದೆ. ಅದರ ಬಗ್ಗೆ ತಕರಾರಿಲ್ಲ. ಮೂರು ವರ್ಷ ಎಂದರೆ ಮೂರು ವರ್ಷ ಇರಲಿ ಎಂಬುದಷ್ಟೇ ನಮ್ಮ ಕೋರಿಕೆ. ಮಣ್ಣಿಗೂ ತನ್ನ ಕೆಲಸ ಮಾಡಲು ಸಮಯ ಬೇಕು, ಅದಕ್ಕೆ ನಿಮ್ಮ ಯಂತ್ರದಷ್ಟು ವೇಗವಿಲ್ಲ.

ಮಾರ್ಚಿನಲ್ಲಿ ನಮ್ಮ ಅಮ್ಮ ಗರುಫಾಲಿಯಾಗೆ ನಿಮ್ಮ ನೋಟೀಸು ಬಂತು. ಅವಧಿ ಮುಗಿದಿದೆ, ಬಂದು ತೆಗೆಸಿಕೊಳ್ಳಿ, ಬರದಿದ್ದರೆ ಮೂಳೆಗಳನ್ನು ಸಾಮೂಹಿಕ ಗುಂಡಿಗೆ ಹಾಕಲಾಗುವುದು ಎಂದಿತ್ತು. ನಾನು ಆಗ ಸೊಂಟದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಅಥೆನ್ಸಿನಲ್ಲಿ ಮಲಗಿದ್ದೆ. ಹೇಳಿದರೆ ಎದ್ದು ಓಡಿ ಬಂದಾಳು ಎಂದು ಅಮ್ಮ ನನಗೆ ಹೇಳಲಿಲ್ಲ. ಎಂಬತ್ತು ದಾಟಿದ ಆಕೆ ಪಕ್ಕದ ಮನೆಯ ಮರಿಗೋಳನ್ನು ಕರೆದುಕೊಂಡು ನಿಮ್ಮ ಕಿಟಕಿಗೆ ಬಂದಳು. ಸ್ತ್ರಾತಿಸ್ ಸತ್ತಿದ್ದು ಚಳಿಗಾಲದಲ್ಲಿ, ಇನ್ನೂ ಮೂರು ವರ್ಷದ ಗೋಧಿಯನ್ನೇ ಬೇಯಿಸಿಲ್ಲ ಎಂದು ಹೇಳಿದಳು. ನಲವತ್ತನೇ ದಿನ, ವರ್ಷ ತುಂಬಿದಾಗ, ಮೂರು ವರ್ಷ ತುಂಬಿದಾಗ ಸತ್ತವರ ಹೆಸರಲ್ಲಿ ಗೋಧಿ ಬೇಯಿಸಿ ಹಂಚುವ ಊರಿನಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕಿತ್ತು? ಕಿಟಕಿಯ ಹಿಂದಿದ್ದ ಹುಡುಗಿ ಪರದೆಯನ್ನು ಅಮ್ಮನ ಕಡೆ ತಿರುಗಿಸಿದಳಂತೆ.

"ಅಜ್ಜೀ, ಇಲ್ನೋಡಿ. ಮಾರ್ಚ್ ಅಂತಿದೆ. ಕಂಪ್ಯೂಟರ್ ಮರೆಯಲ್ಲ ಅಜ್ಜೀ, ಮರೆಯೋದು ನಾವು."

ಅಮ್ಮನಿಗೆ ಕನ್ನಡಕ ಹಾಕಿದರೂ ಪರದೆ ಕಾಣುವುದಿಲ್ಲ. ಕಂಡಿತು ಎಂದು ತಲೆಯಾಡಿಸಿ ಬಂದಳಂತೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂಬ ಗಾದೆ ಕೇಳಿದ್ದೆ. ಈಯಿತೆಂದು ಯಂತ್ರ ಹೇಳಿದ್ದರೆ ನಿಮ್ಮ ಕಚೇರಿ ಕರುವಿಗೆ ಹೆಸರನ್ನೂ ಇಟ್ಟಿರುತ್ತದೆ ಎಂಬುದು ಇದನ್ನು ಕೇಳಿ ಖಾತ್ರಿಯಾಯಿತು.

ಸ್ಮಶಾನದಲ್ಲಿ ನಡೆದದ್ದನ್ನು ನನಗೆ ಹೇಳಿದವಳು ಮರಿಗೋ. ಅಮ್ಮ ಇಂದಿಗೂ ಒಂದು ಮಾತೂ ಹೇಳಿಲ್ಲ. ಅಗೆಯುವ ಫೋತಿಸ್ ಮೊದಲು ಸಹಾಯಕನ ಜೊತೆ ಸೇರಿ ಅಮೃತಶಿಲೆಯ ಶಿಲುಬೆಯನ್ನು ಕಿತ್ತು ಪಕ್ಕಕ್ಕಿಟ್ಟನು. ಅದರ ಮೇಲೆ ಡಿಸೆಂಬರ್ ಎಂದು ಅಕ್ಷರಗಳಲ್ಲಿ, ಗೇಣುದ್ದ ಕೆತ್ತಿದೆ. ಅದನ್ನು ಹೊತ್ತವರು ಇಬ್ಬರು, ನೋಡಿಕೊಂಡು ನಿಂತವರು ಪುರಸಭೆಯ ಒಬ್ಬ ಅಧಿಕಾರಿ. ಯಾರೂ ಓದಲಿಲ್ಲ, ಏಕೆಂದರೆ ಓದಬೇಕಾದ್ದನ್ನು ಯಂತ್ರ ಆಗಲೇ ಓದಿತ್ತಲ್ಲ. ಅಮ್ಮ ಒಂದು ಕೈಯಲ್ಲಿ ವೈನಿನ ಬಾಟಲಿ, ಇನ್ನೊಂದು ಕೈಯಲ್ಲಿ ತಾನೇ ಹೊಲಿದ ಬಟ್ಟೆಯ ಚೀಲ ಹಿಡಿದು ತುದಿಯಲ್ಲಿ ನಿಂತಿದ್ದಳು. ಶವಪೆಟ್ಟಿಗೆಯ ಹಲಗೆ ಸರಿಸುತ್ತಿದ್ದಂತೆ ಫೋತಿಸ್ ಸಲಿಕೆ ಬಿಟ್ಟು, ಮೇಲೆ ಹತ್ತಿ ಬಂದು ಅವಳ ಎದುರು ಅಡ್ಡ ನಿಂತನು.

"ಅಮ್ಮಾ, ಇವ್ನು ಇನ್ನೂ ಕರಗಿಲ್ಲ. ಮುಚ್ಚಿಬಿಡ್ತೀನಿ. ನೀವು ಆ ಕಡೆ ತಿರುಗಿ."

ಅವಳು ಅಷ್ಟರಲ್ಲಿ ನೋಡಿಯಾಗಿತ್ತು. ತಾನು ಹೆಣೆದ ನೀಲಿ ಸ್ವೆಟರನ್ನು ಗುರುತಿಸಿದಳಂತೆ. ಇದಕ್ಕಿಂತ ಹೆಚ್ಚಿಗೆ ನಾನು ಬರೆಯುವುದಿಲ್ಲ, ಬರೆದರೆ ನಿಮ್ಮನ್ನು ಬೈಯಲು ಬೇಕಾದ ಮಾತು ಯಾವ ಪತ್ರಿಕೆಯಲ್ಲೂ ಅಚ್ಚಾಗುವುದಿಲ್ಲ.

ಮುಚ್ಚಿದರೇನು, ಅದೇ ಗೋರಿಯಲ್ಲಿ ಬಿಟ್ಟರೇ? ಇಲ್ಲ. ಪಟ್ಟಿಯ ಪ್ರಕಾರ ಆ ಜಾಗ ಅಷ್ಟರಲ್ಲಿ ಇನ್ನೊಬ್ಬರಿಗೆ ನಿಗದಿಯಾಗಿತ್ತು. ಸ್ತ್ರಾತಿಸ್‌ನನ್ನು ಹಿಂದಿನ ಗೋಡೆಯ ಬುಡಕ್ಕೆ ಸಾಗಿಸಿದರು. ಆ ಮೂಲೆಗೆ ಊರಲ್ಲಿ ಒಂದು ಹೆಸರಿದೆ: ಕರಗದವರ ಮೂಲೆ. ಅಲ್ಲಿ ಅಮೃತಶಿಲೆಯಿಲ್ಲ, ಹೆಸರಿಲ್ಲ, ತಗಡಿನ ಮೇಲೆ ಬಣ್ಣದಲ್ಲಿ ಬರೆದ ನಂಬರಷ್ಟೇ ಇದೆ.

ನೀವು ರಾಜಧಾನಿಯಿಂದ ಬಂದವರು, ಆ ಮೂಲೆಯ ಅರ್ಥ ನಿಮಗೆ ತಿಳಿಯದಿದ್ದೀತು. ಮಣ್ಣು ಯಾರನ್ನು ತಿನ್ನುವುದಿಲ್ಲವೋ ಅವನ ಮೇಲೆ ಶಾಪವಿದೆ ಎಂದು ನಮ್ಮ ಹಿರಿಯರು ನಂಬಿದ್ದರು. ಕಿರಿಯರು ತಾವು ನಂಬುವುದಿಲ್ಲ ಎನ್ನುತ್ತಾರೆ, ಆ ಮೂಲೆಯ ಮುಂದೆ ಹಾದುಹೋಗುವಾಗ ಮಾತ್ರ ಎದೆಯ ಮೇಲೆ ಶಿಲುಬೆ ಗೀಚಿಕೊಳ್ಳುತ್ತಾರೆ. ನನ್ನ ತಮ್ಮ ದೋಣಿಯ ಎಂಜಿನ್ ರಿಪೇರಿ ಮಾಡುತ್ತಿದ್ದವನು. ಬಾಯಿ ದೊಡ್ಡದು. ಪಾದ್ರಿಯ ಜೊತೆ ಒಮ್ಮೆ ಚರ್ಚಿನ ಗಂಟೆಯ ವಿಷಯಕ್ಕೆ ಜಗಳವಾಡಿದ್ದ. ಒಂದು ವರ್ಷ ಶುಭ ಶುಕ್ರವಾರದ ದಿನವೇ ದೋಣಿ ಕಡಲಿಗೆ ಇಳಿಸಿದ್ದ. ಬದುಕಿದ್ದಾಗ ಇವೆಲ್ಲ ಕಾಫಿ ಅಂಗಡಿಯಲ್ಲಿ ನಗುವ ಕತೆಗಳಾಗಿದ್ದವು. ಈಗ ಅವೇ ಕಾರಣಗಳಾದವು. "ಮೂರು ವರ್ಷ ತುಂಬಿದ್ರೂ ಮಣ್ಣು ಮುಟ್ಲಿಲ್ವಂತೆ. ಸುಮ್ಮನೆ ಆಗತ್ತಾ?" ಎಂದು ಮೀನಿನ ಕಟ್ಟೆಯಲ್ಲಿ ಒಬ್ಬಳು ಹೇಳಿದ್ದನ್ನು ನಾನೇ ಕೇಳಿದೆ. ಮೂರು ವರ್ಷ ತುಂಬಿತ್ತು ಎಂದು ಅವಳಿಗೆ ಹೇಳಿದವರು ಯಾರು? ನೀವು. ಸೀಲು ಒತ್ತಿ, ಸಹಿ ಹಾಕಿ ಹೇಳಿದಿರಿ.

ಈಸ್ಟರ್ ಕಳೆದ ಮೇಲೆ ಕೋಲೂರಿಕೊಂಡು ಊರಿಗೆ ಬಂದವಳು ನೇರ ನಿಮ್ಮ ಕೋಣೆಗೇ ಬಂದೆ. ನೆನಪಿರಬಹುದು. ನೀವು ಕಾಫಿ ತರಿಸಿದಿರಿ, ನಾನು ಮುಟ್ಟಲಿಲ್ಲ.

"ನೋಡಿ ಮೇಡಂ," ಎಂದಿರಿ, "ಹಿಂದಿನ ಪ್ರೋಗ್ರಾಂ ಕೋಬಾಲ್‌ನಲ್ಲಿತ್ತು. ನಮ್ಮಜ್ಜನ ಕಾಲದ ಭಾಷೆ ಅದು. ತಾರೀಕುಗಳೆಲ್ಲ ಗೋಜಲು. ಬರೆದೋರು ಒಬ್ರೂ ಬದುಕಿಲ್ಲ."

ಪಿರೇಯಸ್‌ನ ಹಡಗು ವಿಮಾ ಕಂಪನಿಯಲ್ಲಿ ಅದೇ ಕೋಬಾಲ್ ಬರೆದು ಕೂದಲು ನರೆಸಿಕೊಂಡವಳು ನಿಮ್ಮ ಎದುರಿನ ಕುರ್ಚಿಯಲ್ಲೇ ಕುಳಿತಿದ್ದಳು. ಹೇಳಿದೆ. ನೀವು ಮ್ಯೂಸಿಯಂನ ಮಡಕೆಯನ್ನು ನೋಡುವ ಹಾಗೆ ನನ್ನನ್ನು ನೋಡಿದಿರಿ. ಇನ್ನು ನಿಮ್ಮ ಪುರಸಭೆಯ ಪ್ರೋಗ್ರಾಂ ಬರೆದ ಸರಾಂದಿಸ್ ವಿಷಯ. ಅವರು ಸತ್ತಿಲ್ಲ. ನಿಮ್ಮ ಕಿಟಕಿಯಿಂದ ಕಾಣುವ ಕಾಫಿ ಅಂಗಡಿಯಲ್ಲಿ ದಿನಾ ಬೆಳಗ್ಗೆ ಪಗಡೆ ಆಡುತ್ತಾರೆ, ಮೋಸವನ್ನೂ ಮಾಡುತ್ತಾರೆ. ತಾರೀಕನ್ನು ಯಾವ ಕ್ರಮದಲ್ಲಿ ಇಟ್ಟಿದ್ದೀರಿ ಎಂದು ಕೇಳಿದ್ದರೆ ದಾಳ ಉರುಳಿಸುತ್ತಲೇ ಹೇಳುತ್ತಿದ್ದರು. ರಸ್ತೆ ದಾಟಿ ಕೇಳಲು ನಿಮಗೆ ಯಾವ ಟೆಂಡರು ಕರೆಯಬೇಕಿತ್ತು?

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿಮ್ಮ ಡೊಂಕು ನೆಲದ ಬಗ್ಗೆ ಎರಡು ಮಾತು ಹೇಳಲು ಬಿಡಿ, ಅದರ ಮೇಲೆ ನಾನು ಬಹಳ ಕಾಲ ಕುಣಿದಿದ್ದೇನೆ. ನಾವು ಬರೆಯುತ್ತಿದ್ದ ಕಾಲದ ಕೋಬಾಲ್‌ಗೆ ತಾರೀಕು ಎಂದರೆ ಏನೆಂದು ಗೊತ್ತಿರಲಿಲ್ಲ. ಅದಕ್ಕೆ ಗೊತ್ತಿದ್ದದ್ದು ಅಂಕಿಗಳನ್ನು ಹಾಕುವ ಡಬ್ಬಿ. ಆರು ಅಂಕಿ ಬೇಕು ಎಂದರೆ ಆರು ಕೊಡುತ್ತದೆ, ನಡುವೆ ಗೆರೆಯಿಲ್ಲ, ಚುಕ್ಕೆಯಿಲ್ಲ. 031219. ಇದರಲ್ಲಿ ದಿನ ಯಾವುದು, ತಿಂಗಳು ಯಾವುದು ಎಂಬುದನ್ನು ಬರೆದವನು ತಿಳಿದಿರಬೇಕು, ಓದುವವನು ಕೇಳಬೇಕು. ಭಾಷೆ ತನಗೆ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಎಂದೂ ನಟಿಸಲಿಲ್ಲ. ಆ ಮಟ್ಟಿಗೆ ಅದು ಎಷ್ಟೋ ಅಧಿಕಾರಿಗಳಿಗಿಂತ ಮೇಲು.

ನಮ್ಮ ಕಂಪನಿಯಲ್ಲಿ ವ್ರೆತ್ತೋಸ್ ಎಂಬ ಮುಖ್ಯಸ್ಥರಿದ್ದರು, ಸದಾ ಬಾಯಲ್ಲಿ ಬೆಂಕಿಯಿಲ್ಲದ ಸಿಗರೇಟು. ಕೆಲಸಕ್ಕೆ ಸೇರಿದ ಮೊದಲ ವಾರ ನಾನು ಒಂದು ಡಬ್ಬಿಯನ್ನು ತೋರಿಸಿ ಇದು ಹಡಗು ಹೊರಟ ತಾರೀಕು ಎಂದೆ. "ತಾರೀಕು ಅಂತ ನಿಂಗ್ಯಾರಮ್ಮ ಹೇಳಿದ್ರು?" ಎಂದರು. ಕೇಳಿಕೊಂಡು ಬರಲು ಮೂರು ಮಹಡಿ ಕೆಳಗೆ ಕಳಿಸಿದರು. ಹಡಗು ಮಧ್ಯಾಹ್ನಕ್ಕೆ ಮುಳುಗಿತು ಎಂದರೆ ಯಾವ ಬಂದರಿನ ಮಧ್ಯಾಹ್ನ ಎಂದು ಕೇಳದೆ ಅವರು ಒಂದು ಸಾಲನ್ನೂ ಬರೆಯಲು ಬಿಡುತ್ತಿರಲಿಲ್ಲ, ಏಕೆಂದರೆ ವಿಮೆ ಕೂಡ ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು. ಶತಮಾನ ತಿರುಗುವಾಗ, 00 ಎಂದರೆ 1900 ಎಂದು ಯಂತ್ರಗಳು ಓದಿಬಿಟ್ಟಾವು ಎಂದು ಜಗತ್ತೆಲ್ಲ ಎರಡು ಅಂಕಿಯ ವರ್ಷಕ್ಕೆ ಹೆದರಿ ಎದೆ ಬಡಿದುಕೊಂಡಿತಲ್ಲ, ಆಗಲೂ ನಾವು ಡಬ್ಬಿ ಡಬ್ಬಿಯನ್ನೂ ಬಿಚ್ಚಿ, ಇದು ತಾರೀಕು ಅಂತ ಯಾರು ಹೇಳಿದರು ಎಂದು ಕೇಳಿಯೇ ಮುಂದಕ್ಕೆ ಹೋದೆವು. ಒಂದು ಹಡಗೂ ದಾರಿ ತಪ್ಪಲಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ನಿಮ್ಮ ಹೊಸ ಯಂತ್ರ ಮಾಡಿದ್ದೇನು? ಅದು ತಯಾರಾದದ್ದು ತಿಂಗಳನ್ನು ಮೊದಲು ಬರೆಯುವ ಅಮೆರಿಕದವರಿಗಾಗಿ. ನಾವು ದಿನವನ್ನು ಮೊದಲು ಬರೆಯುವವರು. ಪೆಟ್ಟಿಗೆಯಿಂದ ತೆಗೆದ ಹಾಗೇ ಅದನ್ನು ಗೋಡೆಗೆ ಚುಚ್ಚಿದಿರಿ, ಯಾವ ದೇಶದಲ್ಲಿದ್ದೇವೆ ಎಂದು ಅದಕ್ಕೆ ಯಾರೂ ಹೇಳಲಿಲ್ಲ. ಇಷ್ಟೇ ಆಗಿದ್ದರೆ ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು. ಇಪ್ಪತ್ತೈದರಂದು ಮಣ್ಣಾದವನ ಸಾಲು ಬಂದಾಗ ಇಪ್ಪತ್ತೈದನೇ ತಿಂಗಳು ಎಲ್ಲಿದೆ ಎಂದು ಯಂತ್ರ ನಿಂತು ಕೂಗಬೇಕಿತ್ತು. ನಮ್ಮ ಹಳೆಯ ಪ್ರೋಗ್ರಾಂಗಳು ಅಂಥ ಕಡೆ ಮುಷ್ಕರ ಹೂಡಿದಂತೆ ನಿಂತುಬಿಡುತ್ತಿದ್ದವು, ಯಾರಾದರೂ ಬಂದು ನೋಡುವವರೆಗೆ ಜಗ್ಗುತ್ತಿರಲಿಲ್ಲ. ನಿಮ್ಮದು ಸಭ್ಯ ಯಂತ್ರ. ಅದು ಕೂಗಲಿಲ್ಲ. ತಿಂಗಳು ಹೊಂದದ ಕಡೆ ಸದ್ದಿಲ್ಲದೆ ದಿನ ತಿಂಗಳನ್ನು ಅದಲುಬದಲು ಮಾಡಿ ಸರಿಯಾಗಿ ಓದಿತು, ಹೊಂದಿದ ಕಡೆ ತಪ್ಪಾಗಿ ಓದಿತು. ಹೀಗಾಗಿ ತಿಂಗಳ ಹನ್ನೆರಡರ ನಂತರ ಮಣ್ಣಾದವರೆಲ್ಲ ಕ್ಷೇಮ, ಮೊದಲ ಹನ್ನೆರಡು ದಿನಗಳಲ್ಲಿ ಮಣ್ಣಾದವರು ನಿಮ್ಮ ಪಾಲು. ಫೆಬ್ರವರಿ ಎರಡು, ಮೇ ಐದರಂಥ ಪುಣ್ಯವಂತರು ಹೇಗೆ ಓದಿದರೂ ಬಚಾವು. ದಿನದ ಅಂಕಿ ತಿಂಗಳಿಗಿಂತ ದೊಡ್ಡದಾಗಿದ್ದವರು ಮಣ್ಣಿನಲ್ಲೇ ಹೆಚ್ಚು ಕಾಲ ಉಳಿದರು, ಚಿಕ್ಕದಾಗಿದ್ದವರು ಮೊದಲೇ ಹೊರಬಿದ್ದರು. ಕರಗದವರ ಮೂಲೆಯಲ್ಲಿ ಸ್ತ್ರಾತಿಸ್ ಒಬ್ಬನೇ ಇಲ್ಲ. ಹೊಸ ಯಂತ್ರ ಬಂದ ಮೇಲೆ ಅಲ್ಲಿಗೆ ಬಂದವರ ಮನೆಗಳಿಗೆಲ್ಲ ಹೋಗಿ ಕೇಳಿದ್ದೇನೆ, ಎಲ್ಲರೂ ತಿಂಗಳ ಆರಂಭದಲ್ಲಿ ಮಣ್ಣಾದವರೇ. ದೇವರ ಶಾಪಕ್ಕೆ ಕ್ಯಾಲೆಂಡರಿನ ಬಗ್ಗೆ ಇಂಥ ಪಕ್ಷಪಾತವಿದೆ ಎಂದು ಯಾವ ಪಾದ್ರಿಯೂ ನನಗೆ ಹೇಳಿಲ್ಲ.

ಇದನ್ನೆಲ್ಲ ಮೇ ತಿಂಗಳಲ್ಲೇ ಬರೆದುಕೊಟ್ಟೆ. ನಿಮ್ಮ ಉತ್ತರವೂ ಬಂತು: "ದತ್ತಾಂಶದಲ್ಲಿನ ವ್ಯತ್ಯಾಸವನ್ನು ಕ್ರಮಬದ್ಧಗೊಳಿಸಲಾಗಿದೆ, ದೂರನ್ನು ಮುಕ್ತಾಯಗೊಳಿಸಲಾಗಿದೆ." ಕ್ರಮಬದ್ಧಗೊಳಿಸಿದ್ದು ದತ್ತಾಂಶವನ್ನಷ್ಟೆ, ನನ್ನ ತಮ್ಮ ಇನ್ನೂ ಗೋಡೆಯ ಬುಡದಲ್ಲಿದ್ದಾನೆ. ಆ ಕಾಗದದ ಮೇಲೆ ಯಂತ್ರ ಹಾಕಿದ ತಾರೀಕು 07/06. ಅದು ನನ್ನ ಕೈ ಸೇರಿದ್ದು ಜುಲೈನಲ್ಲಿ. ಜೂನ್ ಏಳಕ್ಕೆ ಬರೆದು ಒಂದು ತಿಂಗಳು ಮೇಜಿನ ಮೇಲೆ ಮಲಗಿಸಿದಿರೋ, ಜುಲೈ ಆರಕ್ಕೆ ಬರೆದು ಕೂಡಲೇ ಕಳಿಸಿದಿರೋ ನನಗೆ ಇಂದಿಗೂ ತಿಳಿದಿಲ್ಲ. ನಿಮಗಾದರೂ ತಿಳಿದಿದೆಯೇ?

ನಡುವೆ ಜೂನ್‌ನಲ್ಲಿ ಸತ್ತವರ ಶನಿವಾರ ಬಂತು. ಊರಿನ ಹೆಂಗಸರೆಲ್ಲ ಗೋಧಿ ಬೇಯಿಸಿ ಸ್ಮಶಾನದ ಚರ್ಚಿಗೆ ಒಯ್ಯುವ ದಿನ. ಅಮ್ಮ ಹಿಂದಿನ ದಿನವೇ ಗೋಧಿ ಬೇಯಿಸಿ, ಬಟ್ಟೆಯ ಮೇಲೆ ಹರವಿ ಆರಿಸಿ, ದಾಳಿಂಬೆ, ಬಾದಾಮಿ, ದ್ರಾಕ್ಷಿ ಬೆರೆಸಿ, ಮೇಲೆ ಸಕ್ಕರೆ ಹರಡಿ ಸ್ತ್ರಾತಿಸ್ ಹೆಸರಿನ ಮೊದಲಕ್ಷರ ಬರೆದಳು. ಪೂಜೆಯಾದ ಮೇಲೆ ಚಿಕ್ಕ ಚಿಕ್ಕ ಕಾಗದದ ಚೀಲಗಳಲ್ಲಿ ತುಂಬಿ ಎಲ್ಲರಿಗೂ ಕೊಟ್ಟಳು. ಯಾರೂ ಬೇಡ ಎನ್ನಲಿಲ್ಲ. ನಮ್ಮೂರಿನವರು ಮರ್ಯಾದಸ್ಥರು, ಕೊಟ್ಟದ್ದನ್ನು ತೆಗೆದುಕೊಳ್ಳುತ್ತಾರೆ. ನಾವು ಕಡೆಯಲ್ಲಿ ಹೊರಗೆ ಬಂದಾಗ ಆ ಚೀಲಗಳು ಸ್ಮಶಾನದ ಗೇಟಿನ ಪಕ್ಕದ ಕಟ್ಟೆಯ ಮೇಲೆ ಸಾಲಾಗಿದ್ದವು. ಬಾಯಿ ಕೂಡ ಬಿಚ್ಚಿರಲಿಲ್ಲ. ಪಾರಿವಾಳಗಳು ಒಂದೆರಡನ್ನು ಹರಿದಿದ್ದವು. ಅಮ್ಮ ಒಂದೊಂದಾಗಿ ಎತ್ತಿ ತನ್ನ ಕೈಚೀಲಕ್ಕೆ ಹಾಕಿಕೊಂಡಳು. ನಾನು ಸಹಾಯಕ್ಕೆ ಹೋದರೆ ಕೈ ತಳ್ಳಿದಳು.

ಮನೆಗೆ ಬಂದ ಮೇಲೆ ಅಡುಗೆಮನೆಯಲ್ಲಿ ನನ್ನನ್ನು ಕೇಳಿದಳು: "ಎರಸ್ಮಿಯಾ, ನಿಜ ಹೇಳು ಮಗಳೇ. ಅವ್ನು ಹೋಗಿದ್ದು ಚಳಿಗಾಲದಲ್ಲೋ, ಮಾರ್ಚಿನಲ್ಲೋ?"

ಮಾನ್ಯರೇ, ನನ್ನ ಅಮ್ಮನಿಗೆ ಮಕ್ಕಳು ಹುಟ್ಟಿದ ದಿನ ಮಾತ್ರವಲ್ಲ, ಹಲ್ಲು ಬಂದ ದಿನವೂ ನೆನಪಿದೆ. ಸ್ತ್ರಾತಿಸ್‌ನನ್ನು ಮಣ್ಣು ಮಾಡಿದ ದಿನ ಮಳೆ ಸುರಿದು ಶವದ ವಾಹನ ಇಳಿಜಾರಿನಲ್ಲಿ ಸಿಕ್ಕಿಹಾಕಿಕೊಂಡಿದ್ದನ್ನು, ಅದನ್ನು ತಳ್ಳಿದವರ ಹೆಸರುಗಳನ್ನು ಅವಳು ಬಾಯಿಪಾಠ ಹೇಳುತ್ತಿದ್ದಳು. ಅಂಥವಳಿಂದ ತನ್ನ ಮಗನ ಸಾವಿನ ದಿನವನ್ನೇ ಕಿತ್ತುಕೊಂಡಿರಿ. ಊರು ಆಡಿಕೊಂಡಿತು, ಅದನ್ನು ಹೇಗೋ ಸಹಿಸಬಹುದು, ಊರ ಬಾಯಿ ಇಂದು ಇವರನ್ನು ಅಗಿದರೆ ನಾಳೆ ಇನ್ನೊಬ್ಬರನ್ನು ಅಗಿಯುತ್ತದೆ. ನಾನು ನಿಮ್ಮನ್ನು ಕ್ಷಮಿಸಲಾರದಿರುವುದು ಅವಳ ಆ ಪ್ರಶ್ನೆಗಾಗಿ. ಡಿಸೆಂಬರ್ ಎಂದು ಹೇಳಿದೆ. ತಲೆಯಾಡಿಸಿದಳು, ನಿಮ್ಮ ಕಿಟಕಿಯಲ್ಲಿ ಆಡಿಸಿದ ಹಾಗೆಯೇ. ನಂಬಲಿಲ್ಲ.

ಈಗ ನಿಜವಾದ ಮೂರು ವರ್ಷ ತುಂಬುತ್ತಿದೆ. ಗೋಧಿ ಬೇಯಿಸಬೇಕು. ಅಮ್ಮ ಬೇಯಿಸುವುದಿಲ್ಲ ಎನ್ನುತ್ತಿದ್ದಾಳೆ. ಯಾರು ತಿಂತಾರೆ, ಪಾರಿವಾಳಕ್ಕೆ ಬೇಕಾದ್ರೆ ಹಾಗೇ ಎರಚಿ ಬರ್ತೀನಿ ಎಂದಳು. ಮೂರು ವರ್ಷದ ಗೋಧಿ ಬೇಯದ ಮನೆ ಎಂದರೆ ಸತ್ತವನನ್ನು ಮನೆಯವರೇ ಕೈಬಿಟ್ಟಂತೆ. ಊರು ಕೈಬಿಟ್ಟದ್ದಕ್ಕೆ ಅಮ್ಮನೂ ಸಹಿ ಹಾಕಿದಂತಾಗುತ್ತದೆ. ಅದು ಆಗಲು ನಾನು ಬಿಡುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ. ಪರಿಹಾರ ಬೇಡ, ತನಿಖಾ ಸಮಿತಿ ಬೇಡ, ವ್ಯತ್ಯಾಸ, ಕ್ರಮಬದ್ಧ ಎಂಬ ಪದಗಳಂತೂ ಬೇಡವೇ ಬೇಡ. ಹಿಂದಿನ ಗೋಡೆಯ ಬುಡದಲ್ಲಿರುವ ಪ್ರತಿಯೊಬ್ಬರ ಹೆಸರನ್ನೂ ಬರೆದು, "ಇವರನ್ನು ನಾವು ಅವಧಿಗೆ ಮೊದಲೇ ಅಗೆಸಿದೆವು, ತಪ್ಪು ನಮ್ಮದು" ಎಂಬ ಒಂದು ವಾಕ್ಯವನ್ನು ನಿಮ್ಮ ಸಹಿಯೊಂದಿಗೆ ಸ್ಮಶಾನದ ಗೇಟಿಗೆ ಅಂಟಿಸಿ. ಆಮೇಲೆ ನೀವೇ ಬನ್ನಿ. ಡಿಸೆಂಬರ್ ತಿಂಗಳ ನಾಲ್ಕನೇ ತಾರೀಕು, ಭಾನುವಾರ, ಬೆಳಗಿನ ಪೂಜೆ ಮುಗಿದ ಕೂಡಲೇ. ಅಂಕಿಯಲ್ಲಿ ಬರೆದಿದ್ದರೆ ನೀವು ಏಪ್ರಿಲ್ ಹನ್ನೆರಡಕ್ಕೆ ಬರುತ್ತಿದ್ದಿರಿ, ಅದಕ್ಕೇ ಅಕ್ಷರದಲ್ಲಿ ಬರೆದಿದ್ದೇನೆ. ಗೋಧಿ ನಾನು ಬೇಯಿಸುತ್ತೇನೆ, ಅಮ್ಮನಷ್ಟು ಚೆನ್ನಾಗಿ ಬರುವುದಿಲ್ಲ. ಮೊದಲ ಚೀಲ ನಿಮ್ಮದು. ಮನೆಗೆ ಒಯ್ಯಬೇಡಿ. ಆ ಕಟ್ಟೆಯ ಪಕ್ಕದಲ್ಲೇ ನಿಂತು, ಊರೆಲ್ಲ ನೋಡುತ್ತಿರುವಾಗ, ಚೀಲದ ಬಾಯಿ ಬಿಚ್ಚಿ ಪೂರ್ತಿ ತಿನ್ನಿ. ತಿಂದ ಮೇಲೆ ನನ್ನ ಅಮ್ಮನ ಹತ್ತಿರ ಹೋಗಿ, ನಿಮ್ಮ ಮಗ ಹೋದದ್ದು ಚಳಿಗಾಲದಲ್ಲಿ ಎಂದು ಹೇಳಿ. ನಾನು ಹೇಳಿದರೆ ಅವಳು ನಂಬುತ್ತಿಲ್ಲ. ಕಚೇರಿಯವರು ಹೇಳಿದರೆ ನಂಬುತ್ತಾಳೆ, ಪಾಪ.

ಇಂತಿ,
ತಿಂಗಳ ಮೊದಲ ಹನ್ನೆರಡು ದಿನಗಳಲ್ಲಿ ಸಾಯಬಾರದೆಂದು ತೀರ್ಮಾನಿಸಿರುವ,
ಎರಸ್ಮಿಯಾ ಕಲಾಫಾತಿ
ಪಲಿಯೋಸ್ಕಾಲ, ನವೆಂಬರ್ ಒಂಬತ್ತು (ಸೆಪ್ಟೆಂಬರ್ ಹನ್ನೊಂದು ಅಲ್ಲ)